ಮೊಲೆಹಾಲು: ಔಷಧವೋ ಆಹಾರವೋ

೧

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಕಣ್ಣು ಕೆಂಪಾಗಿ ಉರಿಯತೊಡಗಿದರೆ, ವೈದ್ಯನ ಬಳಿಗೆ ಹೋಗುವುದಕ್ಕೆ ಮೊದಲು, ಎಳೆಗೂಸಿನ ತಾಯಿಯೊಬ್ಬಳನ್ನು ಕರೆದು ಆಕೆಯ ಹಾಲನ್ನು ಎರಡು ತೊಟ್ಟು ಕಣ್ಣಿಗೆ ಹಿಂಡಿಸುವ ರೂಢಿ ಹಳೆಯ ಮನೆಗಳಲ್ಲಿ ಇದ್ದಿತು. ಬೇನೆ ಬಿದ್ದವರು ಮಕ್ಕಳೇ ಆಗಿರಬೇಕೆಂಬ ನಿಯಮವಿರಲಿಲ್ಲ. ಕಣಜದ ಧೂಳು ಹೊಕ್ಕು ಕಣ್ಣು ಬಾತುಕೊಂಡ ಗಂಡಸಿಗೂ ಇದೇ ಉಪಚಾರ ನಡೆಯುತ್ತಿದ್ದಿತು. ಬಜೆಯನ್ನೋ ಜಾಜಿಕಾಯಿಯನ್ನೋ ಸಾಣೆಕಲ್ಲಿನ ಮೇಲೆ ತೇಯುವಾಗಲೂ ನೀರಿನ ಬದಲು ಮೊಲೆಹಾಲನ್ನು ಬಿಡುವುದುಂಟು. ಆದರೆ ಅದೇ ಮನೆಯಲ್ಲಿ, ಅದೇ ಹಾಲನ್ನು ಬಟ್ಟಲಲ್ಲಿ ಹಿಡಿದು ಮೀಸೆ ಬಂದವನೊಬ್ಬನಿಗೆ ಕುಡಿಯಲು ಕೊಡುವ ಮಾತನ್ನು ಯಾರಾದರೂ ಎತ್ತಿದ್ದರೆ, ಕೇಳಿದವರೆಲ್ಲರೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಕಣ್ಣಿಗೆ ಸಲ್ಲುವ ವಸ್ತು ಬಾಯಿಗೆ ಏಕೆ ಸಲ್ಲದು? ತೊಟ್ಟಿಗೆ ಒಪ್ಪಿದವರು ಬಟ್ಟಲಿಗೆ ಏಕೆ ಒಪ್ಪಲಿಲ್ಲ? ಇದು ಕೇವಲ ಹೇಸಿಗೆಯ ಮಾತೋ, ಅಥವಾ ಹಿಂದೆ ಒಂದು ವಿವೇಕವಿದ್ದಿತೋ ಎಂಬುದು ವಿಚಾರಾರ್ಹವಾದ ವಿಷಯವು.

ಈ ವಿಚಾರವು ಈಗ ಪಂಡಿತರ ಚರ್ಚೆಗೆ ಮಾತ್ರ ಸೇರಿದುದಾಗಿ ಉಳಿದಿಲ್ಲ. ಮೈ ಬೆಳೆಸುವ ತರುಣರು, ಕಠಿಣ ರೋಗಗಳಿಂದ ನರಳುವವರು, ಮೊಲೆಹಾಲಿನಲ್ಲಿ ಹಸುವಿನ ಹಾಲಿಗಿಲ್ಲದ ಸತ್ತ್ವವಿದೆಯೆಂದು ನಂಬಿ ಹಣ ಕೊಟ್ಟು ಕೊಳ್ಳುವ ವಾಡಿಕೆ ಪರದೇಶಗಳಲ್ಲಿ ಹುಟ್ಟಿಕೊಂಡಿದೆ. ಕರ್ಣಾಟಕದಲ್ಲಿಯೂ ಸ್ತನ್ಯವು ಮಾರಾಟದ ಸರಕಾಗಿ, ಪರವಾನಗಿ ಪಡೆದು, ಅನಂತರ ಆ ಪರವಾನಗಿ ರದ್ದಾದ ಸಂಗತಿ ಇತ್ತೀಚಿನದು. ಆದುದರಿಂದ ಪೂರ್ವಿಕರು ಈ ಹಾಲಿನ ವಿಷಯವಾಗಿ ಏನು ಹೇಳಿದ್ದರು, ಈಗಿನ ಶಾಸ್ತ್ರಜ್ಞರು ಏನನ್ನು ಅಳೆದು ತೋರಿಸಿದ್ದಾರೆ ಎಂಬೆರಡನ್ನೂ ಒಂದೆಡೆ ಇಟ್ಟು ನೋಡುವುದು ಯುಕ್ತವು.

೨

ಮೊದಲು ವೈದ್ಯಶಾಸ್ತ್ರದ ಮಾತು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಂಟು ಬಗೆಯ ಹಾಲುಗಳ ಎಣಿಕೆಯುಂಟು: ಕುರಿ, ಆಡು, ಹಸು, ಎಮ್ಮೆ, ಒಂಟೆ, ಆನೆ, ಕುದುರೆ ಎಂಬಿವುಗಳ ಹಾಲುಗಳೊಡನೆ ಹೆಂಗಸಿನ ಹಾಲೂ ಒಂದು. ಅದೇ ಗ್ರಂಥದ ಅನ್ನಪಾನವಿಧಿಯ ಅಧ್ಯಾಯದಲ್ಲಿ ಈ ಹಾಲಿಗೆ ಜೀವನ, ಬೃಂಹಣ, ಸ್ನೇಹನ ಎಂಬ ಗುಣಗಳನ್ನು ಹೇಳಿ, ಸಾತ್ಮ್ಯವೆಂದರೆ ಮನುಷ್ಯದೇಹಕ್ಕೆ ಹುಟ್ಟಿನಿಂದಲೇ ಹೊಂದಿಕೊಂಡುದು ಎಂದೂ ಹೇಳಿದೆ. ಇಷ್ಟನ್ನೇ ಓದಿದವನಿಗೆ, ಹಾಗಾದರೆ ಎಲ್ಲರೂ ಕುಡಿಯಬಹುದಲ್ಲವೆ ಎಂಬ ಶಂಕೆ ಬರುವುದು ಸಹಜ. ಆದರೆ ಅದರ ಬಳಕೆಯನ್ನು ವಿಧಿಸುವಾಗ ಚರಕನು ಕುಡಿಸಿರೆಂದು ಹೇಳುವುದಿಲ್ಲ; ರಕ್ತಪಿತ್ತದಲ್ಲಿ ಮೂಗಿಗೆ ನಸ್ಯವಾಗಿಯೂ, ಕಣ್ಣಿನ ಶೂಲೆಯಲ್ಲಿ ತರ್ಪಣವಾಗಿಯೂ ಉಪಯೋಗಿಸಬೇಕೆನ್ನುತ್ತಾನೆ. ಬಿಕ್ಕಳಿಕೆಯ ಚಿಕಿತ್ಸೆಯಲ್ಲಿ ಚಂದನವನ್ನು ನಾರೀಕ್ಷೀರದಲ್ಲಿ ತೇಯ್ದು ನಸ್ಯ ಮಾಡುವ ಪ್ರಯೋಗವೂ ಬಂದಿದೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಇನ್ನೂ ಸ್ಪಷ್ಟವಾಗಿ, ತರ್ಪಣ, ಆಶ್ಚೋತನ, ನಸ್ಯ ಎಂಬ ಮೂರು ಮಾರ್ಗಗಳಿಂದಲೇ ಮಾನುಷಕ್ಷೀರವು ನೇತ್ರರೋಗಾದಿಗಳನ್ನು ಗೆಲ್ಲುವುದೆಂದು ಹೇಳಿರುವನು. ತರ್ಪಣವೆಂದರೆ ಕಣ್ಣಿನ ಸುತ್ತ ಕಟ್ಟೆ ಕಟ್ಟಿ ದ್ರವವನ್ನು ನಿಲ್ಲಿಸುವುದು. ಆಶ್ಚೋತನವೆಂದರೆ ತೊಟ್ಟು ತೊಟ್ಟಾಗಿ ಬಿಡುವುದು. ದುರ್ಗದ ಸೀಮೆಯ ಅಜ್ಜಿಯರು ಮಾಡಿಸುತ್ತಿದ್ದುದು ಈ ಆಶ್ಚೋತನವನ್ನೇ ಹೊರತು ಬೇರೆಯಲ್ಲ.

ಸುಶ್ರುತನು ಮತ್ತೊಂದು ಸೂಕ್ಷ್ಮವನ್ನು ಕಂಡಿದ್ದನು. ಹಸಿಯ ಹಾಲು ಸಾಮಾನ್ಯವಾಗಿ ಗುರುವು, ಅಭಿಷ್ಯಂದಿಯು. ಕಾಯಿಸಿದ ಹಾಲೇ ಹಿತಕರ. ಇದಕ್ಕೆ ಹೆಂಗಸಿನ ಹಾಲೊಂದೇ ಅಪವಾದ. ಅದು ಹಸಿಯಾಗಿದ್ದರೇ ಹಿತವೆಂದು ಅವನ ಅಭಿಪ್ರಾಯ. ಮೊಲೆಯಿಂದ ನೇರವಾಗಿ ಬಾಯಿಗೆ ಬೀಳುವುದು ಅದರ ಸಹಜಧರ್ಮವೆಂಬ ಅರಿವು ಇದರಲ್ಲಿ ಅಡಗಿದೆ. ಕರೆದು, ಇಟ್ಟು, ಸಾಗಿಸಿ, ಮಾರುವ ವಸ್ತುವಾಗಿ ಅದನ್ನು ಯಾವ ಸಂಹಿತೆಯೂ ಎಣಿಸಿದಂತೆ ತೋರುವುದಿಲ್ಲ.

ಇನ್ನು ಬೆಳೆದವರ ಪುಷ್ಟಿಗೆ ಯಾವುದು? ಇಲ್ಲಿ ವೈದ್ಯರು ಒಂದೇ ಬಾಯಿಂದ ಹಸುವನ್ನು ತೋರಿಸುತ್ತಾರೆ. ಸ್ವಾದು, ಶೀತ, ಮೃದು, ಸ್ನಿಗ್ಧ ಮೊದಲಾದ ಹತ್ತು ಗುಣಗಳನ್ನು ಗೋಕ್ಷೀರಕ್ಕೆ ಹೇಳಿ, ದೇಹದ ಓಜಸ್ಸಿಗೂ ಇವೇ ಹತ್ತು ಗುಣಗಳಿರುವುದರಿಂದ ಸಮಾನವು ಸಮಾನವನ್ನು ಬೆಳೆಸುವುದೆಂಬ ನ್ಯಾಯದಂತೆ ಅದು ಓಜೋವರ್ಧಕವೆಂದೂ, ರಸಾಯನವೆಂದೂ ಚರಕನು ಹೊಗಳಿದ್ದಾನೆ. ಹೀಗೆ ಒಂದೇ ಗ್ರಂಥದಲ್ಲಿ ಎರಡು ಹಾಲುಗಳಿಗೆ ಎರಡು ಸ್ಥಾನಗಳು ಏರ್ಪಟ್ಟಿವೆ. ಒಂದು ಶಿಶುವಿಗೆ ಅನ್ನ, ದೊಡ್ಡವರಿಗೆ ಬಿಂದುಮಾತ್ರದ ಮದ್ದು. ಇನ್ನೊಂದು ದೊಡ್ಡವರಿಗೆ ಅನ್ನ. ಇವೆರಡನ್ನು ಅದಲುಬದಲು ಮಾಡುವುದಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲ.

ದಾದಿಯ ವಿಷಯದಲ್ಲಿ ಚರಕನು ಹಾಕಿರುವ ಒಂದು ಕಟ್ಟಳೆಯನ್ನೂ ಇಲ್ಲಿ ಗಮನಿಸಬೇಕು. ತಾಯಿಯಿಲ್ಲದ ಕೂಸಿಗೆ ಗೊತ್ತುಮಾಡುವ ಧಾತ್ರಿಯು ಆರೋಗ್ಯವಂತೆಯೂ ಶುಚಿಯೂ ಆಗಿರಬೇಕೆಂಬುದಷ್ಟೇ ಅಲ್ಲದೆ, ಆಕೆಯ ಸ್ವಂತ ಮಗು ಬದುಕಿರಬೇಕು, ಆಕೆಗೆ ಹಾಲು ಸಮೃದ್ಧವಾಗಿರಬೇಕು ಎಂದಿದೆ. ಮಗು ಬದುಕಿರುವುದು ಹಾಲು ಒಳ್ಳೆಯದೆಂಬುದಕ್ಕೆ ಸಾಕ್ಷಿಯೆಂದು ಹೇಳಬಹುದು. ಆದರೆ ಎರಡು ಮಾತುಗಳನ್ನೂ ಕೂಡಿಸಿ ಓದಿದರೆ, ಒಂದು ಕೂಸಿಗೆ ಸಾಲುವಷ್ಟಿದ್ದು ಮಿಕ್ಕುವ ಹಾಲೇ ಇನ್ನೊಂದಕ್ಕೆ ಸಲ್ಲತಕ್ಕುದು ಎಂಬ ಅರ್ಥವೂ ಹೊರಡುತ್ತದೆ.

೩

ಧರ್ಮಶಾಸ್ತ್ರಕಾರರು ಇದೇ ವಿಷಯವನ್ನು ನಿಷೇಧದ ಮುಖದಿಂದ ಹೇಳಿದ್ದಾರೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ವರ್ಜ್ಯವಾದ ಹಾಲುಗಳ ಪಟ್ಟಿಯೊಂದುಂಟು. ಈದು ಹತ್ತು ದಿನ ಕಳೆಯದ ಹಸುವಿನ ಹಾಲು, ಕರು ಸತ್ತ ಹಸುವಿನ ಹಾಲು, ಒಂಟೆಯ ಹಾಲು, ಒಂದೇ ಗೊರಸಿನ ಪ್ರಾಣಿಗಳ ಹಾಲು, ಎಮ್ಮೆಯನ್ನುಳಿದು ಕಾಡುಪ್ರಾಣಿಗಳ ಹಾಲು ಇವುಗಳ ಸಾಲಿನಲ್ಲಿಯೇ ಹೆಂಗಸಿನ ಹಾಲನ್ನೂ ಹೇಳಿದೆ. ಯಾಜ್ಞವಲ್ಕ್ಯಸ್ಮೃತಿಯೂ ಇದನ್ನೇ ಸಂಗ್ರಹಿಸಿದೆ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡನಾಡಿನವನೇ. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ಬೀದರ ಜಿಲ್ಲೆಗೆ ಸೇರಿರುವ ಕಲ್ಯಾಣದಲ್ಲಿದ್ದವನು. ಸ್ತ್ರೀಯ ಹಾಲೆಂಬ ಮಾತು ಅಲ್ಲಿ ಉಪಲಕ್ಷಣವೆಂದೂ, ಆಡನ್ನು ಬಿಟ್ಟು ಎರಡು ಮೊಲೆಗಳುಳ್ಳ ಎಲ್ಲ ಪ್ರಾಣಿಗಳಿಗೂ ಅದು ಅನ್ವಯಿಸುವುದೆಂದೂ ಅವನು ವಿವರಿಸಿದ್ದಾನೆ. ನಾಲ್ಕು ಮೊಲೆಯ ಹಸುವಿನಲ್ಲಿ ಕರುವಿಗೆ ಬಿಟ್ಟು ಮನೆಗೂ ಕರೆಯಬಹುದು. ಎರಡೇ ಮೊಲೆಯ ತಾಯಿಯಲ್ಲಿ ಇರುವುದು ಮರಿಯ ಪಾಲೇ ಎಂಬ ಗೃಹಸ್ಥಸಾಮಾನ್ಯವಾದ ಲೆಕ್ಕ ಈ ನಿಯಮದ ಹಿಂದೆ ಇದ್ದಿತೆಂದು ಊಹಿಸಿದರೆ ಅಸಂಗತವಾಗಲಾರದು. ಆಡಿಗೆ ಮಾತ್ರ ವಿನಾಯಿತಿ ದೊರೆತುದು, ಅದರ ಹಾಲು ಬಡವರ ಮನೆಯ ಆಧಾರವಾಗಿದ್ದುದರಿಂದಿರಬಹುದು.

ಮನುವಿನ ಪಟ್ಟಿಯಲ್ಲಿ ಒಂದು ನಿಷೇಧವನ್ನು ಈ ನಾಡಿನ ಜನರು ಪಾಲಿಸಲಿಲ್ಲ; ಅದನ್ನು ಮುಚ್ಚಿಡಬೇಕಾಗಿಲ್ಲ. ಹಸು ಈದ ಮೊದಲ ದಿನಗಳ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಗಿಣ್ಣು ಮಾಡಿ ನೆರೆಮನೆಗಳಿಗೆ ಹಂಚುವುದು ದುರ್ಗದ ಸೀಮೆಯಲ್ಲಿ ಇಂದಿಗೂ ಉಂಟು. ವಿಚಿತ್ರವೇನೆಂದರೆ, ಹಸುವಿನ ಗಿಣ್ಣನ್ನು ಹೀಗೆ ಆದರದಿಂದ ತಿಂದ ಎಷ್ಟೋ ಮನೆಗಳಲ್ಲಿ ಬಾಣಂತಿಯ ಗಿಣ್ಣುಹಾಲನ್ನು ಮಾತ್ರ ಕೆಟ್ಟ ಹಾಲೆಂದು ಹಿಂಡಿ ಚೆಲ್ಲುತ್ತಿದ್ದರು. ಕೂಸಿಗೆ ಸಕ್ಕರೆನೀರು, ಜೇನು, ಹರಳೆಣ್ಣೆಗಳನ್ನು ನೆಕ್ಕಿಸುತ್ತಿದ್ದರು. ಇದಕ್ಕೆ ಶಾಸ್ತ್ರದ ನೆರಳೂ ಸ್ವಲ್ಪ ಇದ್ದಿತು. ಹೆತ್ತ ಮೂರು ನಾಲ್ಕು ರಾತ್ರಿಗಳ ಮೇಲೆ ಹಾಲಿಳಿಯುವುದೆಂದು ಹೇಳಿ, ಅದಕ್ಕೆ ಮೊದಲು ಜೇನು ತುಪ್ಪಗಳ ಪ್ರಾಶನವನ್ನು ಸುಶ್ರುತನು ವಿಧಿಸಿದ್ದಾನೆ. ಚರಕನಾದರೋ ಮೊದಲ ದಿನವೇ ಮೊಲೆಗೆ ಹಾಕಬೇಕೆಂದು, ಅದರಲ್ಲಿಯೂ ಬಲದ ಮೊಲೆಯನ್ನು ಮೊದಲು ಕೊಡಬೇಕೆಂದು ಹೇಳಿರುವನು. ಈ ಕಾಲದ ವೈದ್ಯರು ಎತ್ತಿಹಿಡಿದಿರುವುದು ಚರಕನ ಮಾರ್ಗವನ್ನೇ: ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯೂಡಬೇಕು, ಮೊದಲ ದಿನಗಳ ಮಂದವಾದ ಹಳದಿಯ ಹಾಲಿನಲ್ಲಿ ರೋಗನಿರೋಧಕ ವಸ್ತುಗಳು ಬಹಳ. ಬೆಳೆದವರು ಮೊಲೆಹಾಲನ್ನು ಕುಡಿಯಬಹುದೆ ಎಂಬ ಪ್ರಶ್ನೆಗಿಂತ, ಕುಡಿಯಬೇಕಾದ ಕೂಸಿಗೆ ಅದು ಸಿಕ್ಕಿತೆ ಎಂಬ ಪ್ರಶ್ನೆ ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುವುದು.

೪

ಶಾಸ್ತ್ರವು ಅಡ್ಡಿ ಮಾಡಿದರೂ ಕಾವ್ಯವು ಬೇರೊಂದು ದಾರಿಯನ್ನು ಹಿಡಿಯಿತು. ಭೀಮಕವಿಯು ೧೩೬೯ರಲ್ಲಿ ಮುಗಿಸಿದ ಕನ್ನಡ ಬಸವಪುರಾಣದಲ್ಲಿ ಬೆಜ್ಜಮಹಾದೇವಿಯೆಂಬ ಶರಣೆಯ ಕಥೆಯಿದೆ. ಶಿವನಿಗೆ ತಾಯಿಯಿಲ್ಲವೆಂಬುದನ್ನು ನೆನೆದು ಆಕೆ ಮರುಗುತ್ತಾಳೆ. ತಾಯಿಯೊಬ್ಬಳಿದ್ದಿದ್ದರೆ ಮಗನನ್ನು ವಿಷ ಕುಡಿಯಗೊಡುತ್ತಿದ್ದಳೆ ಎಂದು ಹಂಬಲಿಸಿ, ತಾನೇ ತಾಯಾಗಿ, ಲಿಂಗವನ್ನು ಕೂಸೆಂದು ಭಾವಿಸಿ ಎರೆದು ಮೊಲೆಯೂಡುತ್ತಾಳೆ. ಜಗತ್ತಿಗೆ ಹಿರಿಯನಾದವನೂ ಇಲ್ಲಿ ಕೂಸಾಗದೆ ಹಾಲನ್ನು ಪಡೆಯಲಿಲ್ಲವೆಂಬುದನ್ನು ಗಮನಿಸಬೇಕು.

ರೋಮನರಲ್ಲಿ ಇದಕ್ಕೆ ಹೋಲುವ ಕಥೆಯುಂಟು. ಕ್ರಿಸ್ತಶಕದ ಮೊದಲನೆಯ ಶತಮಾನದ ವ್ಯಾಲೇರಿಯಸ್ ಮ್ಯಾಕ್ಸಿಮಸ್ ಎಂಬ ಗ್ರಂಥಕಾರನು, ಸೆರೆಮನೆಯಲ್ಲಿ ಉಪವಾಸದಿಂದ ಸಾಯಲೆಂದು ಇಡಲ್ಪಟ್ಟ ತಾಯಿಯೊಬ್ಬಳನ್ನು ಆಕೆಯ ಮಗಳು ತನ್ನ ಮೊಲೆಹಾಲಿನಿಂದ ಬದುಕಿಸಿದುದನ್ನೂ, ಪೀರೋ ಎಂಬಾಕೆ ಹಾಗೆಯೇ ತನ್ನ ಮುದಿತಂದೆಯನ್ನು ಉಳಿಸಿಕೊಂಡುದನ್ನೂ ಬರೆದಿಟ್ಟಿದ್ದಾನೆ. ಯೂರೋಪಿನ ಚಿತ್ರಗಾರರು ಮುಂದೆ ಈ ಎರಡನೆಯ ಕಥೆಯನ್ನು ಬಗೆಬಗೆಯಾಗಿ ಚಿತ್ರಿಸಿದರು. ಇಲ್ಲಿಯೂ ವಯಸ್ಕನು ಹಾಲು ಕುಡಿದುದು ಪುಷ್ಟಿಗಾಗಿಯಲ್ಲ, ಪ್ರಾಣ ಹೋಗುವ ಹೊತ್ತಿನಲ್ಲಿ. ಕೊಟ್ಟವಳು ಬೆಲೆಗಾಗಿ ಕೊಟ್ಟವಳಲ್ಲ, ಕರುಳಿನಿಂದ ಕೊಟ್ಟವಳು.

ಔಷಧವಾಗಿ ಇದರ ಬಳಕೆ ಬಹು ದೇಶಗಳಲ್ಲಿ ಇದ್ದಿತು. ಈಜಿಪ್ಟಿನ ಪ್ರಾಚೀನ ವೈದ್ಯಗ್ರಂಥವಾದ ಏಬರ್ಸ್ ಪಪೈರಸ್ಸಿನಲ್ಲಿ ಗಂಡುಮಗುವನ್ನು ಹೆತ್ತವಳ ಹಾಲನ್ನು ಕಣ್ಣಿನ ಮದ್ದುಗಳಿಗೆ ಸೇರಿಸಿದೆ. ರೋಮಿನ ಪ್ಲಿನಿಯೂ ಕಣ್ಣಿನ ಬೇನೆಗೆ ಇದನ್ನೇ ಹೊಗಳಿದ್ದಾನೆ. ಸಮುದ್ರಗಳಾಚೆಯ ಈ ಜನರಿಗೂ ದುರ್ಗದ ಸೀಮೆಯ ಅಜ್ಜಿಯರಿಗೂ ಒಂದೇ ಉಪಾಯ ಹೊಳೆದುದು ಸೋಜಿಗವೇ. ಇಟಲಿಯ ಫಿಚೀನೋ ಎಂಬ ವಿದ್ವಾಂಸನು ೧೪೮೯ರಲ್ಲಿ ಮುದುಕರು ಬಲ ಪಡೆಯಲು ತರುಣಿಯ ಹಾಲನ್ನು ಕುಡಿಯಬಹುದೆಂದು ಬರೆದನು. ಇಂಗ್ಲೆಂಡಿನಲ್ಲಿ ೧೫೭೩ರಲ್ಲಿ ತೀರಿಕೊಂಡ ಜಾನ್ ಕೈಯಸ್ ಎಂಬ ಪ್ರಖ್ಯಾತ ವೈದ್ಯನು ಕೊನೆಗಾಲದಲ್ಲಿ ದಾದಿಯ ಹಾಲನ್ನೇ ಕುಡಿದನೆಂದೂ, ಸಿಡುಕಿನ ದಾದಿಯಿದ್ದಾಗ ತಾನೂ ಸಿಡುಕನಾಗಿ, ಶಾಂತಳಾದವಳು ಬಂದ ಮೇಲೆ ತಾನೂ ಶಾಂತನಾದನೆಂದೂ ಒಂದು ಮಾತು ಉಳಿದಿದೆ. ಮೊಲೆಹಾಲಿನೊಡನೆ ಬಂದ ಗುಣವೆಂದು ಕನ್ನಡಿಗರೂ ಆಡುವುದುಂಟಷ್ಟೆ. ಚೀನಾ ದೇಶದ ಲಿ ಷಿಜೆನ್ನನ ಮಹಾಗ್ರಂಥದಲ್ಲಿಯೂ ಮನುಷ್ಯಕ್ಷೀರವು ಔಷಧವಾಗಿ ಎಣಿಸಲ್ಪಟ್ಟಿದೆ.

ಆ ದೇಶದ ಇನ್ನೊಂದು ಹಳೆಯ ವೃತ್ತಾಂತವು ಬಹು ಬೋಧಪ್ರದವಾದುದು. ಕ್ರಿಸ್ತಶಕದ ಮೂರನೆಯ ಶತಮಾನದಲ್ಲಿ ವಾಂಗ್ ಜಿ ಎಂಬ ಶ್ರೀಮಂತನು ಜಿನ್ ವಂಶದ ವೂ ಚಕ್ರವರ್ತಿಗೆ ಔತಣವಿಟ್ಟನು. ಬಡಿಸಿದ ಹಂದಿಯ ಮಾಂಸವು ಅಪೂರ್ವವಾದ ರುಚಿಯಿಂದಿರಲು, ಕಾರಣವೇನೆಂದು ಚಕ್ರವರ್ತಿಯು ಕೇಳಿದನು. ಆ ಮರಿಗಳನ್ನು ಹೆಂಗಸರ ಹಾಲು ಕುಡಿಸಿ ಸಾಕಿದುದೆಂದು ಉತ್ತರ ಬಂದಿತು. ಚಕ್ರವರ್ತಿಯು ಅಸಹ್ಯಪಟ್ಟು ಊಟವನ್ನು ಮುಗಿಸದೆಯೇ ಎದ್ದು ಹೋದನಂತೆ. ತಾಯಂದಿರ ಹಾಲು ಹಣವುಳ್ಳವನ ಭೋಗವಸ್ತುವಾದಾಗ ಅದು ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದಕ್ಕೆ ಈ ಕಥೆಗಿಂತ ಬೇರೆ ನಿದರ್ಶನ ಬೇಡ.

೫

ಇನ್ನು ಎರಡು ಹಾಲುಗಳ ತಾರತಮ್ಯಕ್ಕೆ ಬರಬಹುದು. ಹೋಲಿಕೆಗೆ ಹಸುವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅಮೃತಮಹಲ್ ತಳಿಯ ದನಗಳ ತವರು ನೆಲಗಳಲ್ಲಿ ಚಿತ್ರದುರ್ಗದ ಸೀಮೆಯೂ ಒಂದು. ಮೈಸೂರಿನ ಚಿಕ್ಕದೇವರಾಜ ಒಡೆಯರು (೧೬೭೨–೧೭೦೪) ಅರಮನೆಯ ಹಾಲುಬೆಣ್ಣೆಗಳಿಗಾಗಿ ಸ್ಥಾಪಿಸಿದ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಅದರ ಮೇವಿನ ಕಾವಲುಗಳು ಈ ಭಾಗದಲ್ಲಿ ಹರಡಿದ್ದವು. ಹೆಸರಿನಲ್ಲಿ ಅಮೃತವಿದ್ದರೂ ಈ ತಳಿಯು ಖ್ಯಾತಿ ಪಡೆದುದು ಎತ್ತಿನ ಬಲದಿಂದ ಮತ್ತು ನಡಿಗೆಯ ವೇಗದಿಂದ. ಇದರ ಹಸುವು ಕರುವಿಗೆ ಬೇಕಾದುದಕ್ಕಿಂತ ಹೆಚ್ಚೇನೂ ಕೊಡುವುದಿಲ್ಲ. ಹೆಚ್ಚು ಕರೆದರೆ ಎತ್ತು ಬಡವಾಗುವುದೆಂಬುದು ದನ ಸಾಕುವವರೆಲ್ಲರಿಗೂ ಗೊತ್ತು. ಹಿರಿಯೂರು, ಹೊಸದುರ್ಗಗಳ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಈ ತಿಳಿವಳಿಕೆಯನ್ನು ಯಾರೂ ಪುಸ್ತಕದಿಂದ ಕಲಿತವರಲ್ಲ.

ಹಾಲು ಮರಿಯ ಬೆಳವಣಿಗೆಗೆ ತಕ್ಕಂತೆ ಇರುವುದೆಂಬ ಈ ಮಾತನ್ನೇ ಬಾಸೆಲ್ ನಗರದ ಶರೀರಶಾಸ್ತ್ರಜ್ಞ ಬುಂಗೆಯು (೧೮೪೪–೧೯೨೦) ಲೆಕ್ಕ ಹಾಕಿ ತೋರಿಸಿದನು. ಕರುವು ಹುಟ್ಟಿದಾಗಿನ ತೂಕದ ಎರಡರಷ್ಟಾಗಲು ಸುಮಾರು ಒಂದೂವರೆ ತಿಂಗಳು ಸಾಕು. ಮನುಷ್ಯನ ಕೂಸಿಗೆ ಐದಾರು ತಿಂಗಳು ಬೇಕು. ಯಾವ ಪ್ರಾಣಿಯ ಮರಿ ಬೇಗ ಬೆಳೆಯುವುದೋ ಅದರ ತಾಯಿಯ ಹಾಲಿನಲ್ಲಿ ಮಾಂಸವನ್ನು ಕಟ್ಟುವ ಸಸಾರಜನಕವೂ ಎಲುಬನ್ನು ಕಟ್ಟುವ ಲವಣಗಳೂ ಹೆಚ್ಚು.

ಅಂಕಿಗಳು ಹೀಗಿವೆ. ೧೦೦ ಮಿಲಿಲೀಟರು ಹಸುವಿನ ಹಾಲಿನಲ್ಲಿ ಸಸಾರಜನಕವು ಸುಮಾರು ೩.೨ ಗ್ರಾಂ; ಮೊಲೆಹಾಲಿನಲ್ಲಿ ಸುಮಾರು ೧ ಗ್ರಾಂ ಮಾತ್ರ. ಸುಣ್ಣದ ಅಂಶವಾದ ಕ್ಯಾಲ್ಸಿಯಂ ಹಸುವಿನದರಲ್ಲಿ ೧೨೦ ಮಿಲಿಗ್ರಾಮಿನಷ್ಟು, ಮೊಲೆಹಾಲಿನಲ್ಲಿ ೩೦ರಷ್ಟು. ಜಿಡ್ಡು ಎರಡರಲ್ಲಿಯೂ ಹೆಚ್ಚುಕಡಿಮೆ ಸಮ. ಹಾಲುಸಕ್ಕರೆ ಮಾತ್ರ ಮೊಲೆಹಾಲಿನಲ್ಲಿ ೭ ಗ್ರಾಂ, ಹಸುವಿನದರಲ್ಲಿ ೪.೭ ಗ್ರಾಂ, ಮೊಲೆಹಾಲು ಹೆಚ್ಚು ಸಿಹಿಯಾಗಿರುವುದು ಇದರಿಂದಲೇ. ಹೆಪ್ಪುಗಟ್ಟುವ ಕೇಸೀನು ಹಸುವಿನ ಹಾಲಿನ ಸಸಾರಜನಕದಲ್ಲಿ ನೂರಕ್ಕೆ ೮೦ ಪಾಲು, ಮೊಲೆಹಾಲಿನಲ್ಲಿ ೪೦ರ ಸುಮಾರು. ಆದುದರಿಂದ ಕೂಸಿನ ಹೊಟ್ಟೆಯಲ್ಲಿ ತಾಯಿಯ ಹಾಲಿನ ಹೆಪ್ಪು ಸಡಿಲವಾಗಿ ಸುಲಭವಾಗಿ ಅರಗುವುದು.

ಈ ಅಂಕಿಗಳಿಂದ ಎರಡು ಕಡೆಗೂ ಪಾಠವುಂಟು. ವರ್ಷ ತುಂಬದ ಕೂಸಿಗೆ ಹಸುವಿನ ಹಾಲನ್ನೇ ಮುಖ್ಯ ಆಹಾರವಾಗಿ ಕೊಟ್ಟರೆ, ಎಳೆಯ ಮೂತ್ರಪಿಂಡಗಳಿಗೆ ಹೊರೆಯಾಗುವುದಲ್ಲದೆ ರಕ್ತದಲ್ಲಿ ಕಬ್ಬಿಣದ ಕೊರತೆಯೂ ಉಂಟಾಗುವುದು. ಹಾಗೆಯೇ ಬೆಳೆದವನಿಗೆ ಮೊಲೆಹಾಲು ಸಾಲದು. ಅರವತ್ತು ಕಿಲೋಗ್ರಾಂ ತೂಕದವನಿಗೆ ದಿನಕ್ಕೆ ೫೦ ಗ್ರಾಂ ಸಸಾರಜನಕ ಬೇಕೆಂದರೆ, ಅದನ್ನು ಹಸುವಿನ ಹಾಲಿನಿಂದ ಪಡೆಯಲು ಸುಮಾರು ಒಂದೂವರೆ ಲೀಟರು ಸಾಕು. ಮೊಲೆಹಾಲಿನಿಂದ ಪಡೆಯಲು ಐದು ಲೀಟರು ಬೇಕು. ಚೆನ್ನಾಗಿ ಹಾಲೂಡುವ ತಾಯಿಯೊಬ್ಬಳಲ್ಲಿ ದಿನಕ್ಕೆ ಉಂಟಾಗುವ ಹಾಲು ೭೫೦ರಿಂದ ೮೦೦ ಮಿಲಿಲೀಟರಿನಷ್ಟು. ಎಂದರೆ ಒಬ್ಬ ಗಂಡಸಿನ ಮೈ ಬೆಳೆಯಲು ಆರೇಳು ಕೂಸುಗಳ ಬಾಯಿಂದ ಹಾಲನ್ನು ತೆಗೆಯಬೇಕು. ಅಷ್ಟು ಮಾಡಿದರೂ ಅವನಿಗೆ ಅರಗುವುದೆಂಬ ಭರವಸೆಯಿಲ್ಲ. ಎಳವೆ ಕಳೆದ ಮೇಲೆ ಹಾಲುಸಕ್ಕರೆಯನ್ನು ಅರಗಿಸುವ ಶಕ್ತಿಯು ದಕ್ಷಿಣದೇಶದ ಬಹುಮಂದಿಯಲ್ಲಿ ಕುಗ್ಗುತ್ತದೆ. ಇಲ್ಲಿನ ಊಟವು ಹಾಲಿಗಿಂತ ಮೊಸರು ಮಜ್ಜಿಗೆಗಳಲ್ಲಿ ಮುಗಿಯುವುದು ಈ ದೇಹಧರ್ಮಕ್ಕೆ ಒಪ್ಪುವ ಪದ್ಧತಿಯೇ ಆಗಿದೆ. ಅಂಥವರಿಗೆ ಸಕ್ಕರೆ ಹೆಚ್ಚಾದ ಮೊಲೆಹಾಲು ಹೊಟ್ಟೆಯುಬ್ಬರವನ್ನೇ ತರುವುದು.

ಹಾಗಾದರೆ ಮೊಲೆಹಾಲಿನ ಮಹಿಮೆ ಸುಳ್ಳೆ? ಸುಳ್ಳಲ್ಲ, ಅದು ತೂಕದಲ್ಲಿಲ್ಲ, ರಕ್ಷಣೆಯಲ್ಲಿದೆ. ಕೂಸಿನ ಕರುಳಿಗೆ ಲೇಪವಾಗಿ ನಿಂತು ರೋಗಾಣುಗಳನ್ನು ತಡೆಯುವ ಪ್ರತಿವಿಷಗಳು, ಲ್ಯಾಕ್ಟೋಫೆರಿನ್, ಲೈಸೋಜೈಮ್ ಮೊದಲಾದ ವಸ್ತುಗಳು, ಕರುಳಿನ ಹಿತಕರವಾದ ಜೀವಾಣುಗಳಿಗೆ ಮಾತ್ರ ಉಣಿಸಾಗುವ ವಿಶೇಷ ಸಕ್ಕರೆಗಳು ಇದರಲ್ಲಿ ಹೇರಳವಾಗಿವೆ. ಇವೆಲ್ಲವೂ ರೋಗದೊಡನೆ ಹೋರಾಡಲು ಇನ್ನೂ ಕಲಿಯದ ದೇಹಕ್ಕೆ ತಾಯಿ ಕೊಡುವ ಸಾಲ. ಬೆಳೆದವನಿಗೆ ಇವುಗಳಿಂದ ವಿಶೇಷ ಪ್ರಯೋಜನವುಂಟೆಂದು ಯಾರೂ ಸಿದ್ಧಪಡಿಸಿಲ್ಲ. ಸ್ವೀಡನ್ನಿನ ಲುಂಡ್ ನಗರದ ಶೋಧಕರು ೧೯೯೫ರಲ್ಲಿ, ಮೊಲೆಹಾಲಿನ ಒಂದು ಸಸಾರಜನಕವನ್ನು ಕೊಬ್ಬಿನ ಆಮ್ಲದೊಡನೆ ಕೂಡಿಸಿದ ವಸ್ತುವು ಅರ್ಬುದದ ಜೀವಕೋಶಗಳನ್ನು ಕೊಲ್ಲುವುದೆಂದು ಪ್ರಕಟಿಸಿದರು. ಇದನ್ನು ಕೇಳಿ ಹಾಲನ್ನೇ ಕುಡಿದರೆ ಅರ್ಬುದ ಗುಣವಾಗುವುದೆಂದು ನಂಬಿದವರುಂಟು. ಆದರೆ ಆ ವಸ್ತುವನ್ನು ಪ್ರಯೋಗಶಾಲೆಯಲ್ಲಿ ಬೇರ್ಪಡಿಸಿ ಸಿದ್ಧಪಡಿಸಿದುದೇ ಹೊರತು ಬಟ್ಟಲಿನ ಹಾಲಲ್ಲ.

ಅಪಾಯವೂ ಇಲ್ಲದಿಲ್ಲ. ಏಡ್ಸಿನ ವಿಷಾಣುವೇ ಮೊದಲಾದ ಕೆಲವು ಸೋಂಕುಗಳು ಹಾಲಿನ ಮೂಲಕ ದಾಟಬಲ್ಲವು. ಅಮೆರಿಕಾದಲ್ಲಿ ಅಪರಿಚಿತರಿಂದ ಕೊಂಡು ತರಿಸಿದ ೧೦೧ ಮಾದರಿಗಳನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ ೭೪ರಲ್ಲಿ ರೋಗಾ­ಣುಗಳು ಹೆಚ್ಚಾಗಿಯೋ ಕೆಟ್ಟ ಜಾತಿಯವಾಗಿಯೋ ಇದ್ದವೆಂದು ಕಂಡುಬಂದಿತು. ಹಸಿಯಾಗಿದ್ದರೇ ಹಿತವೆಂದ ಸುಶ್ರುತನ ಮಾತು ಮೊಲೆಯಿಂದ ಬಾಯಿಗೆ ಬೀಳುವ ಹಾಲಿಗೆ ಸಲ್ಲುವುದೇ ಹೊರತು, ಸೀಸೆಯಲ್ಲಿ ಊರೂರು ತಿರುಗಿದ ಹಾಲಿಗೆ ಸಲ್ಲುವುದಿಲ್ಲ. ಕಣ್ಣಿಗೆ ಹಿಂಡುವ ಹಳೆಯ ರೂಢಿಯನ್ನೂ ಈಗಿನ ನೇತ್ರವೈದ್ಯರು ಒಪ್ಪುವುದಿಲ್ಲ. ಕೀವು ಬಂದ ಕಣ್ಣಿಗೆ ಹಾಲು ಬಿದ್ದರೆ ಸೋಂಕು ಹೆಚ್ಚಬಹುದೆಂದೂ, ತಕ್ಕ ಮದ್ದು ತಡವಾಗುವುದೆಂದೂ ಅವರು ಎಚ್ಚರಿಸುತ್ತಾರೆ. ಬೇರೆ ಮದ್ದಿಲ್ಲದ ಕಾಲದ ಉಪಚಾರವನ್ನು ಮದ್ದಿರುವ ಕಾಲದಲ್ಲಿ ಬಿಡುವುದು ಹಿರಿಯರಿಗೆ ಮಾಡುವ ಅಗೌರವವಲ್ಲ.

೬

ಬೆಂಗಳೂರಿನ ಒಂದು ಸಂಸ್ಥೆಯು ೨೦೧೬ರಿಂದ ತಾಯಂದಿರ ಹಾಲನ್ನು ಸಂಗ್ರಹಿಸಿ, ಸಂಸ್ಕರಿಸಿ, ಅವಧಿಗೆ ಮೊದಲು ಹುಟ್ಟಿದ ಶಿಶುಗಳ ಉಪಯೋಗಕ್ಕೆಂದು ಬೆಲೆಗೆ ಮಾರತೊಡಗಿತು. ತಾಯಿಹಾಲಿನ ಪರವಾಗಿ ದುಡಿಯುವವರು ಇದನ್ನು ಆಕ್ಷೇಪಿಸಿದರು. ೨೦೨೧ರಲ್ಲಿ ಆಹಾರ ಸುರಕ್ಷತೆಯ ಪ್ರಾಧಿಕಾರವು ಪರವಾನಗಿಯನ್ನು ರದ್ದುಪಡಿಸಿತು. ಅದೇ ವರ್ಷದ ಕೊನೆಯಲ್ಲಿ ಆ ವಸ್ತುವು ಆಯುರ್ವೇದದ ಔಷಧವೆಂಬ ಹೊಸ ವೇಷದಲ್ಲಿ, ಆಯುಷ್ ಇಲಾಖೆಯ ಪರವಾನಗಿ ಪಡೆದು ಮತ್ತೆ ಕಾಣಿಸಿಕೊಂಡಿತು. ೨೦೨೨ರಲ್ಲಿ ಅದೂ ರದ್ದಾಯಿತು. ವಿವಾದವು ರಾಜ್ಯದ ಉಚ್ಚನ್ಯಾಯಾಲಯದವರೆಗೂ ಹೋಯಿತು. ೨೦೨೪ರ ಮೇ ೨೪ರಂದು ಆಹಾರ ಸುರಕ್ಷತೆಯ ಪ್ರಾಧಿಕಾರವು, ೨೦೦೬ರ ಕಾಯಿದೆಯ ಮೇರೆಗೆ ಮನುಷ್ಯಕ್ಷೀರವನ್ನು ಸಂಸ್ಕರಿಸಿ ಮಾರಲು ಅನುಮತಿಯಿಲ್ಲವೆಂದು ದೇಶಕ್ಕೆಲ್ಲ ತಿಳಿಯಪಡಿಸಿತು.

ಸಂಸ್ಕೃತವನ್ನು ಬಲ್ಲವರಿಗೆ ಈ ವೃತ್ತಾಂತದಲ್ಲಿ ನೋವಿನ ಭಾಗವೆಂದರೆ ಎರಡನೆಯ ಪರವಾನಗಿಯೇ. ಸಂಹಿತೆಯ ಪಟ್ಟಿಯಲ್ಲಿ ನಾರೀಕ್ಷೀರವು ಒಂದು ದ್ರವ್ಯವಾಗಿರುವುದು ನಿಜ. ಆದರೆ ಪಟ್ಟಿಯಲ್ಲಿ ಹೆಸರನ್ನು ನೋಡಿ ಮಾತ್ರೆಯನ್ನು ಮರೆತರೆ, ಮಾರ್ಗವನ್ನು ಮರೆತರೆ, ಕೊಡುವವಳ ಕೂಸನ್ನು ಮರೆತರೆ, ಅದು ಶಾಸ್ತ್ರವನ್ನು ಓದಿದಂತಲ್ಲ, ಶಾಸ್ತ್ರದ ಹೆಸರನ್ನು ಬಾಡಿಗೆಗೆ ಪಡೆದಂತೆ. ಔಷಧವೆಂದು ಒಮ್ಮೆ ಅಂಗಡಿಗೆ ಬಂದ ವಸ್ತುವಿಗೆ ಗಿರಾಕಿಯು ಶಿಶುವೇ ಆಗಿರಬೇಕೆಂಬ ಕಟ್ಟಿಲ್ಲ. ಹಣವುಳ್ಳ ದೊಡ್ಡವರೂ ಕೊಳ್ಳಬಹುದು. ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ೬೦೦ ಕ್ಯಾಲೊರಿಗಳಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಹೇಳಿದೆ. ಮಳೆ ತಪ್ಪಿದ ವರ್ಷ ಮುದ್ದೆಗೆ ರಾಗಿಯಿಲ್ಲದ ಮನೆಯ ತಾಯಿಗೆ ಆ ಹೆಚ್ಚಿನ ತುತ್ತು ಎಲ್ಲಿಂದ ಬರಬೇಕು? ಹಾಲಿಗೆ ಬೆಲೆ ಕಟ್ಟಿದರೆ ಅದು ಹರಿಯುವುದು ಬಡವರ ಮನೆಯಿಂದ ಸಿರಿವಂತರ ಮನೆಗೇ. ನಡುವೆ ಒಣಗುವುದು ಮಾತನಾಡಲಾರದ ಕೂಸಿನ ಬಾಯಿ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಏರ್ಪಾಡೂ ನಡೆಯುತ್ತಿದೆ. ತಾಯಿಯ ಹಾಲು ದೊರೆಯದ, ಅವಧಿಗೆ ಮೊದಲು ಹುಟ್ಟಿದ ಕೂಸುಗಳಿಗೆ ಬೇರೆ ತಾಯಂದಿರ ಮಿಕ್ಕ ಹಾಲನ್ನು ದಾನವಾಗಿ ಪಡೆದು ಕೊಡುವ ಹಾಲಿನ ಭಂಡಾರಗಳೇ ಅವು. ಇಂಥದು ಮೊದಲು ೧೯೦೯ರಲ್ಲಿ ವಿಯೆನ್ನಾ ನಗರದಲ್ಲಿ ತೆರೆಯಿತು. ಭಾರತದಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾಕ್ಟರ್ ಅರ್ಮಿಡಾ ಫರ್ನಾಂಡಿಸ್ ಅವರು ೧೯೮೯ರಲ್ಲಿ ಸ್ಥಾಪಿಸಿದರು. ದಾನಿಯ ರಕ್ತವನ್ನು ಪರೀಕ್ಷಿಸಿ, ಹಾಲನ್ನು ೬೨.೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಅರ್ಧ ಗಂಟೆ ಕಾಯಿಸಿ, ಹೆಪ್ಪುಗಟ್ಟುವ ಶೈತ್ಯದಲ್ಲಿ ಕಾಪಾಡಿ, ವೈದ್ಯರ ಅಪ್ಪಣೆಯಂತೆ ಕೂಸುಗಳಿಗೆ ಮಾತ್ರ ಕೊಡುತ್ತಾರೆ. ದಾನಿಗೆ ಹಣ ಕೊಡತಕ್ಕುದಲ್ಲ; ಆಕೆಯ ಕೂಸು ಉಂಡು ಮಿಕ್ಕುದನ್ನೇ ತೆಗೆದುಕೊಳ್ಳತಕ್ಕುದು. ಬದುಕಿರುವ ಮಗು, ಸಮೃದ್ಧವಾದ ಹಾಲು ಎಂದು ಚರಕನು ಧಾತ್ರಿಗೆ ಹೇಳಿದ ಲಕ್ಷಣಗಳೇ ಇಲ್ಲಿ ಬೇರೆ ಮಾತಿನಲ್ಲಿ ಬಂದಿವೆ.

ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ೨೦೨೨ರಲ್ಲಿ ‘ಅಮೃತಧಾರೆ’ ಎಂಬ ಹೆಸರಿನಿಂದ ಅಂಥ ಭಂಡಾರವು ತೆರೆದಿದೆ. ಆ ಆಸ್ಪತ್ರೆಯು ೧೯೩೫ರಲ್ಲಿ ಆರಂಭವಾದುದು. ೧೮೯೫ರಿಂದ ೧೯೦೨ರವರೆಗೆ ಮಗನ ಪರವಾಗಿ ಮೈಸೂರನ್ನಾಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದೇ ಅದರ ಹೆಸರು. ಅದೇ ಹೆಸರನ್ನು ಹಿರಿಯೂರು ತಾಲ್ಲೂಕಿನ ಜನರು ದಿನವೂ ಆಡುತ್ತಾರೆ. ವೇದಾವತಿಗೆ ಮಾರಿಕಣಿವೆಯಲ್ಲಿ ೧೮೯೮ರಿಂದ ೧೯೦೭ರವರೆಗೆ ಕಟ್ಟಿದ ಅಣೆಕಟ್ಟಿನ ಹಿಂದಿನ ನೀರು ವಾಣಿವಿಲಾಸಸಾಗರವೆನಿಸಿಕೊಂಡಿದೆ. ಕಟ್ಟೆಯ ನೀರಿಗೆ ಸರದಿಯುಂಟು, ತೂಬುಂಟು, ಕೊನೆಯ ಹೊಲಕ್ಕೂ ಪಾಲುಂಟು. ಮೇಲಿನವನು ಬಲವಂತನೆಂದು ಕೆಳಗಿನವನ ನೀರನ್ನು ಕಟ್ಟಿಕೊಳ್ಳುವಂತಿಲ್ಲ. ಹಾಲಿನ ಭಂಡಾರದ ನೀತಿಯೂ ಇದೇ.

ಗೋವಿನ ಹಾಡನ್ನು ಕೇಳಿ ಬೆಳೆದ ಮನೆಗಳಿಗೆ ಈ ನೀತಿ ಹೊಸದಲ್ಲ. ಪುಣ್ಯಕೋಟಿಯು ಹುಲಿಯನ್ನು ಬೇಡಿಕೊಂಡುದು ತನ್ನ ಪ್ರಾಣಕ್ಕಾಗಿಯಲ್ಲ, ಕರುವಿಗೆ ಒಮ್ಮೆ ಹಾಲೂಡಿ ಬರುವುದಕ್ಕಾಗಿ. ಆದುದರಿಂದ ದೊಡ್ಡವರು ತಮ್ಮ ಪುಷ್ಟಿಗೆ ಹಸುವಿನ ಹಾಲನ್ನು, ಅದಕ್ಕಿಂತಲೂ ಮೊಸರು ಮಜ್ಜಿಗೆಗಳನ್ನು ನೆಚ್ಚಲಿ. ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಅದು ಮೊಲೆಹಾಲಿಗಿಂತ ಅಗ್ಗವಾಗಿಯೂ ಬೆಳೆದ ದೇಹಕ್ಕೆ ಹೆಚ್ಚು ಪುಷ್ಟಿಕರವಾಗಿಯೂ ದೊರೆಯುವುದು. ಬಾಣಂತಿಯ ಮೊದಲ ಹಾಲನ್ನು ಯಾವ ಮನೆಯಲ್ಲಿಯೂ ಚೆಲ್ಲದಿರಲಿ. ಹಾಲು ಮಿಕ್ಕ ತಾಯಿಯು, ಅನುಕೂಲವಿದ್ದರೆ, ಭಂಡಾರಕ್ಕೆ ದಾನ ಮಾಡಲಿ. ಮನೆಯ ಹಿರಿಯರು ಇದರಲ್ಲಿ ಮಾಡಬೇಕಾದ ಕೆಲಸವೊಂದೇ: ಹಾಲೂಡುವ ಸೊಸೆಗೆ ಮೊದಲ ಎಲೆ ಹಾಕಿ, ಆಕೆಯ ಹೊಟ್ಟೆ ತುಂಬಿತೆಂದು ತಿಳಿದ ಮೇಲೆ ತಾವು ಊಟಕ್ಕೆ ಕೂರುವುದು.